ಒಡಪಿನಲ್ಲೊಂದು ಖಾಲಿ ಜಾಗ

ಪರದೆಯ ಮೇಲೆ ಒಂದು ಚಿತ್ರ ನಿಂತಿತ್ತು. ಮಣ್ಣಿನ ಗೋಡೆ, ಕಲ್ಲಿನ ಹೊಸ್ತಿಲು, ಹೊಸ್ತಿಲ ಮೇಲೆ ಕುಳಿತ ಒಬ್ಬ ಹೆಂಗಸು. ಬೆಳಗಿನ ಬಿಸಿಲು ಗೋಡೆಯ ಅರ್ಧಕ್ಕೆ ಬಂದು ನಿಂತಿತ್ತು. ಅವಳ ಎಡಗಾಲು ಬಿಸಿಲಿನಲ್ಲಿ, ಬಲಗಾಲು ಒಳಗಿನ ಕತ್ತಲೆಯಲ್ಲಿ. ಇಳಕಲ್ ಸೀರೆಯ ಸೆರಗು ತಲೆಯ ಮೇಲಿತ್ತು. ಎರಡೂ ಕೈಗಳಲ್ಲಿ, ಬಿಸಿ ಹಾಲಿನ ಬಟ್ಟಲನ್ನು ಹಿಡಿಯುವ ಹಾಗೆ, ಅವಳು ಒಂದು ಮೊಬೈಲನ್ನು ಬಾಯಿಗೆ ತುಸು ದೂರದಲ್ಲಿ ಹಿಡಿದಿದ್ದಳು. ಆದರೆ ಕಣ್ಣು ಅದರ ಮೇಲಿರಲಿಲ್ಲ. ಚಿತ್ರದ ಎಡ ಅಂಚಿಗೆ ಸರಿದಿತ್ತು. ಆ ಅಂಚಿನಲ್ಲಿ ಒಂದು ಮೊಣಕೈ, ಕರಿ ಕಂಬಳಿಯ ಒಂದು ಮಡಿಕೆ, ಬಡಿಗೆಯ ಮೇಲೆ ಊರಿದ ನಾಲ್ಕು ಬೆರಳು. ಗಂಡಸಿನ ಬೆರಳು. ಆತನ ಉಳಿದ ದೇಹವೆಲ್ಲ ಚಿತ್ರದ ಹೊರಗಿತ್ತು. ಹೆಂಗಸಿನ ತುಟಿಗಳೆರಡೂ ಕೂಡಿಕೊಂಡಿದ್ದವು. ಹೆಸರೊಂದರ ಮೊದಲ ಅಕ್ಷರ ಹೊರಡುವ ಮುನ್ನ ತುಟಿಗಳು ಕೂಡುವ ರೀತಿ ಅದು. ಆ ತುಟಿಗಳ ಕೆಳಗೆ ಹಳದಿ ಅಕ್ಷರಗಳಲ್ಲಿ, ಇಂಗ್ಲಿಷಿನಲ್ಲಿ ಬರೆದಿತ್ತು: ಜತ್ತ ತಾಲೂಕು, ಕೊನೆಯವರೆಗೆ ಕೇಳಿದವರು ಮೂರು ಪಟ್ಟು.

ಆ ಹೆಂಗಸು ದರಿಬಡಚಿಯ ಚನ್ನವ್ವ. ಬಡಿಗೆಯ ಮೇಲಿನ ಬೆರಳು ಅವಳ ಗಂಡ ಭರಮಣ್ಣನವು. ಆತ ತೀರಿಕೊಂಡು ಎಂಟು ತಿಂಗಳಾಗಿತ್ತು. ಪುಣೆಯ ಒಂದು ದೊಡ್ಡ ಹೋಟೆಲಿನ ತಣ್ಣನೆಯ ಸಭಾಂಗಣದಲ್ಲಿ, ಜಾಹೀರಾತು ತಂತ್ರಜ್ಞಾನದವರ ಸಮ್ಮೇಳನದಲ್ಲಿ, ಮೊದಲ ಸಾಲಿನಲ್ಲಿ ಕುಳಿತು ಆ ಚಿತ್ರವನ್ನು ನೋಡುತ್ತಿದ್ದವನು ನಾನು: ಅಣ್ಣಾರಾಯ, ಮಹಾರಾಷ್ಟ್ರದ ಗಡಿಯೊಳಗಿನ ಜತ್ತದಲ್ಲಿ ಮೂವತ್ತೈದು ವರ್ಷ ಕನ್ನಡ ಕಲಿಸಿ ನಿವೃತ್ತನಾದವನು, ವಯಸ್ಸು ಎಪ್ಪತ್ನಾಲ್ಕು. ಅಂಗಿಯ ಜೇಬಿನಲ್ಲಿ ಒಂದು ಚೀಟಿ ಇತ್ತು. ಅದರಲ್ಲಿ ಒಂದೇ ವಾಕ್ಯ. ಅದನ್ನು ಆ ವೇದಿಕೆಯ ಮೇಲಿಂದ ಹೇಳುತ್ತೇನೆಂದು ಚನ್ನವ್ವನಿಗೆ ಮಾತು ಕೊಟ್ಟು ಬಂದಿದ್ದೆ.

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ, ಹೊಸ್ತಿಲು ದಾಟುವಾಗ ಯಾರಾದರೂ ಅಡ್ಡಗಟ್ಟಿ ಕೇಳಿದರೆ, ಎರಡು ಸಾಲು ಪ್ರಾಸದೊಳಗೆ ಅದನ್ನು ಇಟ್ಟು ಹೇಳುತ್ತಾಳೆ. ಇದಕ್ಕೆ ಒಡಪು ಎನ್ನುತ್ತೇವೆ. ಹೆಸರಿಗೆ ಅದೊಂದೇ ಉಡುಪು. ಗಂಡ ಹೋದ ಮೇಲೆ ಅವಳನ್ನು ಒಡಪು ಹೇಳೆಂದು ಯಾರೂ ಕೇಳುವುದಿಲ್ಲ. ಹರೆಯದಲ್ಲಿ ನವ್ಯ ಕಾವ್ಯವನ್ನು ಉಂಡು ಬೆಳೆದ ನಾನು ಇವುಗಳನ್ನು ಕವಿತೆಯೆಂದು ಎಣಿಸಿರಲಿಲ್ಲ. ಪ್ರಾಸವನ್ನು ಕಂಡರೆ ನನಗೆ ಕಿವಿಯಲ್ಲಿ ಮರಳು ಬಿದ್ದಂತಾಗುತ್ತಿತ್ತು. ಒಂದೂ ಪ್ರಾಸವಿಲ್ಲದ ಎರಡು ತೆಳ್ಳನೆಯ ಸಂಕಲನಗಳನ್ನು ಪ್ರಕಟಿಸಿದೆ. ಅವುಗಳ ಬಹುತೇಕ ಪ್ರತಿಗಳು ಇಂದಿಗೂ ನನ್ನ ಅಟ್ಟದ ಮೇಲೆಯೇ ಇವೆ.

ಕಳೆದ ವರ್ಷ ಗಣೇಶ ಚೌತಿಗೆ ಮಲ್ಲಿನಾಥ ಮನೆಗೆ ಬಂದ. ಸೊರಡಿಯವನು, ನನ್ನ ಹಳೆಯ ವಿದ್ಯಾರ್ಥಿ. ಈಗ ಪುಣೆಯಲ್ಲಿ, ಜನರ ಮೊಬೈಲಿಗೆ ಜಾಹೀರಾತು ಕಳಿಸುವ ಕಂಪನಿಯೊಂದರಲ್ಲಿ ಇದ್ದಾನೆ.

"ಸರ್, ನಮ್ಮ ಭಾಗದ ಒಡಪು ರೆಕಾರ್ಡ ಮಾಡೂಣು. ಇಲ್ಲಾಂದ್ರ ಎಲ್ಲಾ ಅಳದು ಹೋಗತಾವ. ನೀವು ಸಂಗಾಟ ಬಂದ್ರ ಹೆಣ್ಮಕ್ಳು ಬಾಯಿ ಬಿಡತಾರ್ರಿ, ನನ್ನ ಮುಂದ ಬಿಡಂಗಿಲ್ಲ."

ಅಳಿಯುತ್ತವೆ ಎಂಬ ಪದಕ್ಕೆ ನಾನು ಸೋತೆ. ಆರು ಊರು ತಿರುಗಿದೆವು. ನಲವತ್ತು ಹೆಂಗಸರು ಹೇಳಿದರು. ಪ್ರತಿಯೊಬ್ಬರಿಂದಲೂ ಒಂದು ಕಾಗದದ ಮೇಲೆ ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆದು, ಸ್ಟೀಲಿನ ಒಂದು ಡಬ್ಬಿ ಕೊಟ್ಟೆವು. ಕಾಗದ ಇಂಗ್ಲಿಷಿನಲ್ಲಿತ್ತು. ಏನು ಬರೆದಿದೆ ಎಂದು ಕೇಳಿದವರಿಗೆ "ಪುಸ್ತಕದ ಕೆಲಸ, ಅಂಜಬ್ಯಾಡ್ರಿ" ಎಂದೆ. ಕಾಗದವನ್ನು ನಾನೂ ಓದಿರಲಿಲ್ಲ.

ಚನ್ನವ್ವನದು ಕುರಿಗಾರರ ಮನೆ. ಒಡಪು ಹೆಣೆಯುವುದರಲ್ಲಿ ಆ ಹಟ್ಟಿಯಲ್ಲಿ ಅವಳನ್ನು ಮೀರಿಸಿದವರಿಲ್ಲ. ಆ ದಿನ ಭರಮಣ್ಣ ಪಕ್ಕದಲ್ಲೇ ಬಡಿಗೆ ಊರಿ ನಿಂತಿದ್ದ.

"ಹೇಳ, ಹೇಳ. ಬೇಕಾದ್ರ ನಾ ಕಿವಿ ಮುಚಗೋತೀನಿ."

"ಮುಚಗೋಬ್ಯಾಡ್ರಿ. ಮೂವತ್ತು ವರ್ಷ ಮುಚಗೊಂಡs ಬಂದೀರಿ, ಇವತ್ತರೆ ತಗೀರಿ."

ಎಲ್ಲರೂ ನಕ್ಕರು. ನಗೆ ಇಳಿದ ಮೇಲೆ ಅವಳು ಹೇಳಿದಳು:

ಕಂಬಳಿ ಹಾಸಿದೆ, ತಂಬಿಗಿ ಇಟ್ಟೆ, ಹೊಸ್ತಿಲಕ ಹಚ್ಚಿದೆ ದೀಪಾ,
ಕುರಿ ಮುಂದ ಬಿಟ್ಟು ಹಿಂದ ಬರತಾರ ಭರಮಣ್ಣ, ಅವರ ಮ್ಯಾಲ ನನಗೆಲ್ಲಿ ಕೋಪಾ?

ಕುರಿ ಕಾಯುವವನು ಮನೆ ಸೇರುವುದು ಎಲ್ಲರಿಗಿಂತ ತಡವಾಗಿ, ಎಲ್ಲ ಕುರಿಗಳೂ ಒಳಗಾದ ಮೇಲೆ. ತಡವಾದದ್ದಕ್ಕೆ ಮುನಿಸಿಕೊಂಡ ಹೆಂಗಸು, ಆತನ ಹೆಸರನ್ನು ಹೇಳುತ್ತಿರುವಾಗಲೇ ಮುನಿಸನ್ನು ಬಿಟ್ಟುಕೊಡುತ್ತಾಳೆ. ನನ್ನ ಎರಡು ಸಂಕಲನಗಳಲ್ಲಿ ಇಷ್ಟು ಕೆಲಸ ಮಾಡಿದ ಎರಡು ಸಾಲುಗಳಿಲ್ಲ.

ಅದೇ ದಿನ ಸಂಜೆ ನನ್ನ ಪಡಸಾಲೆಯಲ್ಲಿ ಮಲ್ಲಿನಾಥ ಕೇಳಿದ: "ಸರ್, ಇದರೊಳಗ ಚಹಾ ತರಾಕ ಬರತೈತೇನ್ರಿ? ಸುಮ್ಮ ಮಾದರಿಗೆ. ನಿಮ್ಮಂಥವರಿಗೆ ಏನ ದೊಡ್ಡದಲ್ಲ."

ದೊಡ್ಡದಾಗಿರಲಿಲ್ಲ. ನನ್ನ ಹೆಂಡತಿ ಶಾಂತಾದೇವಿ ತಂದಿಟ್ಟ ಚಹಾ ಆರುವುದರೊಳಗೆ ಬರೆದುಕೊಟ್ಟೆ:

ಕಂಬಳಿ ಹಾಸಿದೆ, ತಂಬಿಗಿ ಇಟ್ಟೆ, ಚಹಾ ಕುದಿಸೀನಿ ಖಾಸಾ,
ದಣದು ಬರತಾರ ಭರಮಣ್ಣ, ಒಂದು ಗುಟುಕಿಗೆ ಹೋತು ತ್ರಾಸಾ.

ಮಲ್ಲಿನಾಥ ಓದಿ, ಭರಮಣ್ಣನ ಹೆಸರನ್ನು ಪೆನ್ನಿನಿಂದ ಹೊಡೆದು, ಆ ಜಾಗದಲ್ಲಿ ಒಂದು ಉದ್ದ ಗೆರೆ ಎಳೆದ. ಅದನ್ನು ನಾನು ನೋಡಿದೆ. ಏಕೆಂದು ಕೇಳಲಿಲ್ಲ. ಐವತ್ತು ವರ್ಷ ಪ್ರಾಸವನ್ನು ಹಳಿದವನಿಗೆ ಪ್ರಾಸ ಇಷ್ಟು ಸಲೀಸಾಗಿ ಒಲಿದದ್ದರ ಖುಷಿಯಲ್ಲಿ ಇದ್ದೆ.

ಮಾಘದಲ್ಲಿ, ಕೃಷ್ಣಾ ದಂಡೆಯ ಕಬ್ಬಿನ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದಾಗ, ಭರಮಣ್ಣ ಎದೆನೋವಿನಿಂದ ತೀರಿಕೊಂಡ. ಆಷಾಢದಲ್ಲಿ ಜಾಹೀರಾತು ಬಂತು.

ನಾನು ಅದನ್ನು ಮೊದಲು ಕೇಳಿದ್ದು ಜತ್ತದ ಬಸ್ ಸ್ಟ್ಯಾಂಡಿನ ಎದುರು, ಮಲ್ಲು ಎಂಬವನ ಚಹಾದ ಅಂಗಡಿಯಲ್ಲಿ. ಮಾಳು ಎಂಬ ರಿಕ್ಷಾದವನ ಮೊಬೈಲಿನಿಂದ ಚನ್ನವ್ವನ ದನಿ ಬಂತು. ಸಂಶಯವೇ ಇರಲಿಲ್ಲ: ಅದೇ ಒಡಕು, ಹೆಸರಿಗೆ ಮೊದಲು ಅದೇ ಅರೆಗಳಿಗೆಯ ತಡೆ. ಆಮೇಲೆ, "ದಣದು ಬರತಾರ ಮಾಳು."

"ಏ ಮಾಳ್ಯಾ, ನಿನ್ನ ಹೆಸರೂ ತಗೊಂಡ್ಳಲ್ಲೋ! ಮುಂಜಾನಿ ನನ್ನ ಹೆಸರು ತಗೊಂಡಿದ್ಳು" ಎಂದ ಅಂಗಡಿಯ ಮಲ್ಲು.

"ನನಗ ಖರೇನs ಪ್ರೀತಿ ಐತಿ. ನಿನಗ ಸುಮ್ಮ ಅಂದಿರಬೇಕು."

"ದಣದು ಬರತಾರ ಅಂತ! ಮುಂಜಾನಿಂದ ಇಲ್ಲೇ ಕುಂತೀದಿ, ಎಲ್ಲಿ ದಣದಿಯಲೇ ನೀ?"

ಮಲ್ಲು ಚಹಾ ಸೋಸುತ್ತ ನಕ್ಕ. ಮಲ್ಲಿನಾಥನ ಕಂಪನಿಯವರು ಯಂತ್ರಕ್ಕೆ ಚನ್ನವ್ವನ ದನಿಯನ್ನು ಕಲಿಸಿದ್ದರು. ಯಾರ ಮೊಬೈಲೋ ಅವರ ಹೆಸರನ್ನು ಅದು ಖಾಲಿ ಜಾಗದಲ್ಲಿ ತುಂಬಿ ಹೇಳುತ್ತಿತ್ತು. ಗಂಡನ ಹೆಸರೊಂದನ್ನೇ ಇಡುವ ಜಾಗದಲ್ಲಿ ತಾಲೂಕಿನ ಗಂಡಸರೆಲ್ಲ ಒಬ್ಬೊಬ್ಬರಾಗಿ ಬಂದು ಕುಳಿತರು.

ಶ್ರಾವಣದಲ್ಲಿ ಚನ್ನವ್ವ ನನ್ನ ಮನೆಗೆ ಬಂದಳು. ಭರಮಣ್ಣನ ತಮ್ಮ ಬೀರು ಹಿಂದಿನ ದಿನ ಮೊಬೈಲನ್ನು ಕಲ್ಲಿಗೆ ಬಡಿದು ಒಡೆದಿದ್ದ. ಅದು "ದಣದು ಬರತಾರ ಬೀರು" ಎಂದಿತ್ತು, ಸತ್ತ ಅಣ್ಣನ ಹೆಂಡತಿಯ, ತನ್ನ ವೈನಿಯ ದನಿಯಲ್ಲಿ, ನಾಲ್ಕು ಜನರ ನಡುವೆ.

"ಅವಾ ಅಂದಬಿಟ್ಟಾನ್ರಿ ಗುರೂಜಿ. ಈ ದನಿ ನಿಂದರೂತನಾ ವೈನಿ ನಮ್ಮ ಕುರಿ ಹಿಂದ ಬರೂದು ಬ್ಯಾಡ ಅಂತ. ದಸರಾ ಆತಂದ್ರ ಕುರಿ ಹೊಳಿ ದಂಡಿಗೆ ಹೊಂಡತಾವ. ನನ್ನವು ಇಪ್ಪತ್ತೆಂಟು ಅದಾವ. ಕುರಿ ನಡದ್ರ ನಾ ನಡೀಬೇಕು. ಇಲ್ಲಿ ಕುಂತು ಯಾರ ಹೊಲದಾಗ ಕಸಾ ಕೀಳಲಿ?"

ಅದೇ ವಾರ ಮಲ್ಲಿನಾಥನ ಫೋನು ಬಂದಿತ್ತು: ಸಮ್ಮೇಳನದಲ್ಲಿ ನನಗೆ ಸನ್ಮಾನ, ಎಂಟು ನಿಮಿಷ ಮಾತು. ಅದನ್ನು ಕೇಳಿ ಚನ್ನವ್ವ ಎದ್ದು ನಿಂತಳು.

"ಆ ದನಿ ಇಟಗೊಂಡವರೆಲ್ಲಾ ಅಲ್ಲಿ ಇರತಾರ? ಹಂಗಾರ ಅವರ ಮುಂದ ಒಂದs ಮಾತು ಹೇಳ್ರಿ. ದರಿಬಡಚಿ ಚನ್ನವ್ವ ತನ್ನ ದನಿ ತಿರುಗಿ ಬೇಡತಾಳ ಅಂತ."

ಆ ಮಾತನ್ನೇ ಅವಳೆದುರು ಚೀಟಿಯ ಮೇಲೆ ಬರೆದುಕೊಂಡೆ. ಆದರೆ ಚಹಾದ ಸಾಲುಗಳನ್ನು ಬರೆದವನು ನಾನೆಂದು ಅವಳಿಗೆ ಹೇಳಲಿಲ್ಲ.

ಪುಣೆಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ನಾನು ಶ್ರದ್ಧೆಯಿಂದ ಪಾಠ ಕಲಿತೆ. ಮೊದಲ ಭಾಷಣಕಾರರು, ಮನುಷ್ಯನೊಬ್ಬ ಮೊಬೈಲು ತೆರೆದು ಪುಟವೊಂದು ಮೂಡುವಷ್ಟರಲ್ಲಿ ಅವನ ಕಣ್ಣಿಗಾಗಿ ಹರಾಜು ನಡೆದು ಮುಗಿದಿರುತ್ತದೆ ಎಂದರು. ಜತ್ತದ ಕುರಿ ಸಂತೆಯಲ್ಲಿ ದಲಾಲರು ಟವೆಲಿನ ಕೆಳಗೆ ಬೆರಳು ಹಿಡಿದು ದರ ಕಟ್ಟುವುದು ನೆನಪಾಯಿತು. ಅಲ್ಲಿ ಕುರಿಗೂ ಗೊತ್ತಿರುತ್ತದೆ, ಏನೋ ನಡೆಯುತ್ತಿದೆ ಎಂದು, ಅದು ಅರಚುತ್ತದೆ. ಎರಡನೆಯವರು, ಜನ ಎಲ್ಲೆಲ್ಲಿ ಅಲೆದರೆಂದು ಗುಟ್ಟಾಗಿ ಗುರುತಿಟ್ಟುಕೊಳ್ಳುವ ಹಳೆಯ ಉಪಾಯ ಮುಪ್ಪಾಗಿದೆ ಎಂದು ಮರುಗಿದರು. ಅದಕ್ಕೆ ಕುಕಿ ಎಂಬ ತಿಂಡಿಯ ಹೆಸರು. ಇನ್ನು ಮುಂದೆ ಜನ ತಾವಾಗಿಯೇ ತಮ್ಮ ಗುರುತು ಕೊಡುವಂತೆ ಮಾಡಬೇಕಂತೆ. ಆ ದಿನ ಅತಿ ಹೆಚ್ಚು ಕೇಳಿದ ಪದ ಸಮ್ಮತಿ. ಊಟದ ಎಲೆಯ ಉಪ್ಪಿನಂತೆ ಪ್ರತಿಯೊಬ್ಬರೂ ಅದನ್ನು ಒಂದು ಚಿಟಿಕೆ ಬಡಿಸಿ ಮುಂದೆ ಹೋದರು. ಒಬ್ಬ ಯುವತಿ, ಜಾಹೀರಾತೆಂದು ತಿಳಿದರೆ ಜನ ಓಡುತ್ತಾರೆ, ಆದ್ದರಿಂದ ಅದು ಮನೆಯವರ ದನಿಯಲ್ಲಿ ಬರಬೇಕು, ಮುಂದಿನ ಐದು ವರ್ಷ ಊರುಭಾಷೆಗಳ ವರ್ಷ ಎಂದಳು. ಮೂರು ದಶಕ ನಾನು ಕಾದ ಮಾತು ಅದು. ಅದನ್ನು ಹೇಳಲು ಅವರಿಗೆ ಚಹಾಪುಡಿ ಬೇಕಾಯಿತು.

ಆಮೇಲೆ ಮಲ್ಲಿನಾಥ ವೇದಿಕೆಗೆ ಬಂದ. ಚನ್ನವ್ವನ ಚಿತ್ರ ಮೂಡಿತು. ಜತ್ತ ತಾಲೂಕಿನಲ್ಲಿ ಗಂಡಸರು ಈ ಜಾಹೀರಾತನ್ನು ಕೊನೆಯವರೆಗೆ ಕೇಳಿದರು, ಎರಡೆರಡು ಸಲ ಕೇಳಿದರು, ಏಕೆಂದರೆ ಅವರಿಗೆ ತಮ್ಮ ಹೆಸರು ಕೇಳಬೇಕಿತ್ತು ಎಂದು ವಿವರಿಸಿದ. ಒಡಪಿನ ಪದ್ಧತಿಯನ್ನೂ ಸರಿಯಾಗಿಯೇ ತಿಳಿಸಿದ. ಅವನು ಸೊರಡಿಯವನು, ಅವನ ತಾಯಿಯೂ ಒಡಪು ಹೇಳಿದವಳೇ. ಕೊನೆಗೆ, "ಈ ಸಾಲುಗಳ ಕವಿ ಇಲ್ಲೇ ಇದ್ದಾರೆ" ಎಂದು ನನ್ನತ್ತ ಕೈಮಾಡಿ, ಒಂದು ಗುಂಡಿ ಒತ್ತಿದ.

ಎಂಟು ಧ್ವನಿವರ್ಧಕಗಳಿಂದ ಚನ್ನವ್ವ ಹೇಳಿದಳು: "ದಣದು ಬರತಾರ ಅಣ್ಣಾರಾಯ."

ಸಭೆ ಎದ್ದು ಚಪ್ಪಾಳೆ ತಟ್ಟಿತು. ನಾನು ಇದನ್ನು ಮುಚ್ಚಿಡುವುದಿಲ್ಲ: ಆ ಗಳಿಗೆಯಲ್ಲಿ ನನಗೆ ಹಿತವಾಯಿತು. ನನ್ನ ಹೆಸರು ಅಷ್ಟು ಮೆತ್ತಗೆ, ಅಷ್ಟು ಕಾದು ಕುಳಿತವಳ ಹಾಗೆ ಯಾರ ಬಾಯಲ್ಲೂ ಬಂದಿರಲಿಲ್ಲ. ಮಾಳುವೂ ಮಲ್ಲುವೂ ಎರಡೆರಡು ಸಲ ಏಕೆ ಕೇಳಿದರೆಂದು ಆಗ ತಿಳಿಯಿತು.

ಶಾಲು ಹೊದಿಸಿದರು. ಮೈಕಿನ ಮುಂದೆ ನೆಲದಲ್ಲಿ ಒಂದು ಚಿಕ್ಕ ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ಪ್ರಾಸದ ಬಗ್ಗೆ ಮಾತಾಡಿದೆ. ಪ್ರಾಸವೆಂದರೆ ಎರಡು ಸಾಲುಗಳ ನಡುವಿನ ನೆಂಟಸ್ತಿಕೆ ಎಂದೆ. ನಾನು ಮರಾಠಿಯಲ್ಲಿ ಹೇಳಿದ್ದನ್ನು ಅವರು ಇಂಗ್ಲಿಷಿನಲ್ಲಿ ಮೊಬೈಲಿಗೆ ಬರೆದುಕೊಂಡರು. ಗಡಿಯಾರದಲ್ಲಿ ಎರಡು ನಿಮಿಷ ಉಳಿದದ್ದನ್ನು ನೋಡಿದೆ. ಚೀಟಿಯ ವಾಕ್ಯಕ್ಕೆ ಹತ್ತು ಸೆಕೆಂಡು ಸಾಕಿತ್ತು. ನನ್ನ ಮೊದಲ ಸಂಕಲನದ ಒಂದು ಕವಿತೆಯನ್ನು ಓದತೊಡಗಿದೆ. ನಾನೂರು ಜನ ಒಟ್ಟಿಗೆ ನನ್ನ ಕವಿತೆಯನ್ನು ಕೇಳುವುದು ಇನ್ನೆಂದೂ ಒದಗದು ಎಂದು ನನಗೆ ಗೊತ್ತಿತ್ತು. ಕೊನೆಯ ಸಾಲಿಗೆ ಕೆಂಪು ದೀಪ ಹತ್ತಿತು. "ಇನ್ನೊಂದು ಮಾತು" ಎಂದೆ. ಸಂಗೀತ ಎದ್ದಿತು, ಮೈಕು ಸತ್ತಿತು, ಯಾರೋ ನಯವಾಗಿ ಮೊಣಕೈ ಹಿಡಿದು ಮೆಟ್ಟಿಲಿಳಿಸಿದರು.

ಊಟದ ಸಾಲಿನಲ್ಲಿ ಮಲ್ಲಿನಾಥನನ್ನು ಹಿಡಿದು ಚೀಟಿಯ ಮಾತನ್ನು ಹೇಳಿದೆ. ಅವನು ತಟ್ಟೆಯನ್ನು ಕೆಳಗಿಟ್ಟ.

"ಸರ್, ಚಹಾದ ಜಾಹೀರಾತು ಈ ತಿಂಗಳಿಗೆ ಮುಗೀತೈತಿ. ಆದ್ರ ದನಿ ತಗೀಲಿಕ್ಕೆ ಬರಂಗಿಲ್ರಿ. ಕಲಿತ ಮಶೀನಿಗೆ ಮರೀ ಅಂದ್ರ ಮರೀತದೇನ್ರಿ? ಮತ್ತ ಅದು ಬ್ಯಾರೆ ಎರಡು ಕಂಪನಿಗೆ ಹೋಗೇತಿ. ಒಂದು ಬೋರಿನ ಮೋಟಾರು, ಒಂದು ದನದ ಹಿಂಡಿ."

"ಆಕಿ ಗಂಡ ಸತ್ತಾನೋ ಮಲ್ಲಿನಾಥ. ನಿನಗ ಗೊತ್ತಿಲ್ಲೇನು, ಒಡಪಂದ್ರ ಏನಂತ?"

"ಗೊತ್ತೈತಿ ಸರ್. ಗೊತ್ತಿದ್ದದ್ದಕ್ಕs ನನಗ ಈ ಕೆಲಸ ಕೊಟ್ಟಾರ." ಅವನು ತಲೆ ತಗ್ಗಿಸಿದ. ನಾಚಿಕೆಯೋ ಹಸಿವೋ ತಿಳಿಯಲಿಲ್ಲ. "ಕಾಗದದ ಮ್ಯಾಲ ಸಾಕ್ಷಿ ಅಂತ ನಿಮ್ಮ ಸಹೀನೂ ಐತ್ರಿ. ಎಲ್ಲಾ ನಲವತ್ತರ ಮ್ಯಾಲೂ."

ದಸರೆ ಮುಗಿದ ಮರುದಿನ ಮಧ್ಯಾಹ್ನ ಚನ್ನವ್ವ ಜತ್ತಕ್ಕೆ ಬಂದಳು. ಎರಡು ದಿನದಲ್ಲಿ ಕುರಿ ಹೊರಡುವವಿದ್ದವು. ಕುರ್ಚಿ ತೋರಿಸಿದರೂ ಕೂಡದೆ ಪಡಸಾಲೆಯ ಕಂಬಕ್ಕೆ ಒರಗಿ ನೆಲದ ಮೇಲೆ ಕುಳಿತಳು. ಶಾಂತಾದೇವಿ ಚಹಾ ಇಡಲೇ ಎಂದಾಗ ಒಲ್ಲೆನೆಂದು ನೀರು ಕೇಳಿದಳು.

"ಹೇಳಿದ್ರೇನ್ರಿ ಗುರೂಜಿ?"

"ವ್ಯಾಳ್ಯಾ ಸಾಲಲಿಲ್ಲ, ಚನ್ನವ್ವ."

"ಎಷ್ಟ ವ್ಯಾಳ್ಯಾ ಕೊಟ್ಟಿದ್ರು?"

"ಎಂಟು ನಿಮಿಷ."

"ನಾ ಹೇಳಿಕೊಟ್ಟದ್ದು ಅಷ್ಟ ಉದ್ದ ಇತ್ತೇನ್ರಿ?"

ನೀರಿನ ತಂಬಿಗೆ ಹಿಡಿದು ನಿಂತ ಶಾಂತಾದೇವಿ, "ಉತ್ತರಾ ಕೊಡ್ರಿ, ಆಕಿ ಕೇಳಾಕ ಹತ್ಯಾಳ" ಎಂದಳು. ಶಾಲೆಯಲ್ಲಿ ನಾನು ಮಕ್ಕಳಿಗೆ ಹೇಳುತ್ತಿದ್ದ ಧಾಟಿಯಲ್ಲೇ ಹೇಳಿದಳು.

ಮಲ್ಲಿನಾಥ ತಿಳಿಸಿದ್ದನ್ನೆಲ್ಲ ಹೇಳಿದೆ. ಚನ್ನವ್ವ ಕೇಳಿಸಿಕೊಂಡಳು. ಹಿಂಡಿಯ ಜಾಹೀರಾತು ಆಗಲೇ ಹಟ್ಟಿಗೆ ಬಂದಿತ್ತಂತೆ. ಅವಳಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ.

"ಆತು ಬಿಡ್ರಿ. ದನಿ ಮಶೀನದ್ದು ಅಂತ ನಾ ಬೀರೂಗ ಹೇಳೀನಿ. ಒಪ್ಪಿದಾಂಗ ಮಾಡತಾನ, ಆಮ್ಯಾಲ ಅಂತಾನ, ದನಿ ಮಶೀನದ್ದಿರಲಿ ವೈನಿ, ಆ ಚಹಾದ ಮಾತು? ಖಾಸಾ, ತ್ರಾಸಾ ಅಂತ ಕೂಡಿಸೂದು ಮಶೀನಿಗೆ ಬರತೈತೇನು? ನಿನಗಲ್ದ ಈ ಭಾಗದಾಗ ಮತ್ಯಾರಿಗೆ ಬರತೈತಿ ಅಂತಾನ. ನಾನs ಹೆಣದು ಕೊಟ್ಟೀನಂತ, ಗಂಡ ಇದ್ದಾಗs. ಅದಕ್ಕೇನ ಹೇಳಲಿ?"

"ನಾನು ಬರೆದದ್ದು" ಎಂದೆ.

ಚನ್ನವ್ವ ನನ್ನ ಮುಖವನ್ನು ನೋಡಿದಳು. ಶಾಂತಾದೇವಿಯ ಕೈಯ ತಂಬಿಗೆ ಅಲ್ಲೇ ನಿಂತಿತ್ತು.

"ನೀವು."

"ಹೌದು."

"ಚಲೋ ಕೂಡಿಸೀರಿ" ಎಂದಳು ಚನ್ನವ್ವ. ಅದರಲ್ಲಿ ಕೊಂಕು ಇರಲಿಲ್ಲ. ಹೆಣೆಯುವವಳು ಹೆಣೆದವನಿಗೆ ಹೇಳಿದ ಮಾತು. ನನ್ನ ಕಾವ್ಯಕ್ಕೆ ಬಂದ ವಿಮರ್ಶೆಗಳಲ್ಲಿ ಇಷ್ಟು ಆಳಕ್ಕೆ ಹೋದದ್ದು ಇನ್ನೊಂದಿಲ್ಲ. ಆಮೇಲೆ ಅವಳ ಮುಖದಲ್ಲಿ, ದಾರಿ ಕಂಡವರ ಬೆಳಕು ಬಂತು.

"ಹಂಗಾರ ಬರ್ರಿ ಗುರೂಜಿ. ಇವತ್ತs ಬರ್ರಿ. ಸಂಜಿಗೆ ಹಟ್ಟಿ ಮುಂದ ಎಲ್ಲಾರೂ ಕೂಡತಾರ, ಯಾರ ಕುರಿ ಯಾರ ಕೂಡ ಅಂತ ಹಂಚಾಕ. ಅವರ ಮುಂದ ಇಷ್ಟs ಅನ್ರಿ, ಈ ಮಾತು ಚನ್ನವ್ವಂದಲ್ಲ, ನಂದು ಅಂತ. ದನಿ ಹೋದ್ರ ಹೋಗಲಿ. ಮಾತರೆ ನಂದಲ್ಲ ಅಂತಾಗಲಿ. ನೀವಂದ್ರ ಬೀರು ನಂಬತಾನ."

ಹಟ್ಟಿಯ ಮುಂದೆ ಕಂಬಳಿ ಹೊದ್ದು ಕುಳಿತ ಮೂವತ್ತು ಗಂಡಸರನ್ನು ಕಲ್ಪಿಸಿಕೊಂಡೆ. ಅವರಲ್ಲಿ ಅರ್ಧದಷ್ಟು ಜನರ ಮಕ್ಕಳಿಗೆ ಪಾಠ ಹೇಳಿದ್ದೆ. ವಿಧವೆಯೊಬ್ಬಳ ಬಾಯಿಗೆ ಊರ ಗಂಡಸರ ಹೆಸರು ತುರುಕಿದವನು ಈ ಮಾಸ್ತರ ಎಂಬ ಮಾತು, ನಾಳೆ ಮಲ್ಲುವಿನ ಅಂಗಡಿಗೆ ನನಗಿಂತ ಮೊದಲು ಹೋಗಿ ಕೂಡುತ್ತಿತ್ತು.

"ಬರದು ಕೊಡತೀನಿ, ಚನ್ನವ್ವ. ಸಹಿ ಮಾಡಿ ಕೊಡತೀನಿ. ಓದಿ ತೋರಸು."

"ಕಾಗದ ಬ್ಯಾಡ್ರಿ."

"ಮೊಣಕಾಲು ಭಾಳ ನೋಯತಾವ. ಬಸ್ಸಿನ ಪಾವಟಿಗಿ ಏರಾಕ ಆಗಂಗಿಲ್ಲ ಈಗ."

"ಪುಣೇದ ಬಸ್ಸಿಗೆ ಪಾವಟಿಗಿ ಇರಲಿಲ್ಲೇನ್ರಿ?" ಎಂದಳು ಶಾಂತಾದೇವಿ.

ಚನ್ನವ್ವ ಎದ್ದು ಸೆರಗು ಸರಿಪಡಿಸಿಕೊಂಡಳು. ಮತ್ತೊಮ್ಮೆ ಕೇಳುವಳೆಂದು ಕಾದೆ; ಮತ್ತೊಮ್ಮೆ ಕೇಳಿದ್ದರೆ ಬಹುಶಃ ಹೊರಡುತ್ತಿದ್ದೆ ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅವಳು ಕೇಳಲಿಲ್ಲ. ಶಾಂತಾದೇವಿ ತಂಬಿಗೆಯನ್ನು ನೆಲಕ್ಕಿಟ್ಟು ಒಳಗೆ ಹೋದಳು. ಪಾತ್ರೆಯ ಸದ್ದು, ಗೂಡಿನ ಬಾಗಿಲ ಸದ್ದು. ಕೈಚೀಲ ಹಿಡಿದು ಹೊರಬಂದಾಗ ಸೀರೆ ಬದಲಾಗಿತ್ತು.

"ನಡಿಯವ್ವಾ. ಎರಡೂವರಿ ಬಸ್ಸು ಸಿಗತೈತಿ."

"ನೀ ಎಲ್ಲಿ ಹೊಂಟಿ?" ಎಂದೆ.

"ದರಿಬಡಚಿಗೆ."

"ನೀ ಹೋಗಿ ಅಲ್ಲಿ ಏನ ಹೇಳತಿ?"

ಅವಳು ಚಪ್ಪಲಿಗೆ ಕಾಲು ತೂರಿಸುತ್ತ, ನನ್ನತ್ತ ನೋಡದೆ ಹೇಳಿದಳು.

"ಅಣ್ಣಾರಾಯ ಬರದಾನ ಅಂತ ಹೇಳತೀನಿ."

ನಲವತ್ತೆಂಟು ವರ್ಷಗಳಲ್ಲಿ ಆ ಬಾಯಿಂದ ಆ ಹೆಸರು ಬರಿದಾಗಿ ಬಂದದ್ದು ಅದೇ ಮೊದಲು. ಹಿಂದೆ ಒಂದು ಸಾಲಿರಲಿಲ್ಲ, ಮುಂದೆ ಒಂದು ಸಾಲಿರಲಿಲ್ಲ. ಚನ್ನವ್ವ ಬೆಚ್ಚಿ ಅವಳತ್ತ ತಿರುಗಿದಳು, ಆಮೇಲೆ ತಲೆ ತಗ್ಗಿಸಿ ಹೊಸ್ತಿಲು ದಾಟಿದಳು. ಶಾಂತಾದೇವಿ ಅವಳ ಹಿಂದೆ ದಾಟಿ, ಹೊರಗಿನಿಂದ ಬಾಗಿಲನ್ನು ಎಳೆದುಕೊಂಡಳು.